ಎಸ್.ಪಿ. ರಸ್ತೆಯಲ್ಲಿ ಒಂದು ಮದರ್‌ಬೋರ್ಡಿನ ಬೇಟೆ

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು ಸಿಟಿ ಮಾರ್ಕೆಟ್ಟಿನ ಕಡೆಗೆ ಹೆಜ್ಜೆ ಹಾಕಿದರೆ ಎಸ್.ಪಿ. ರಸ್ತೆ ದೂರವೇನಲ್ಲ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಹಾಗೆಂದು ಕೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ, ಎಸ್.ಪಿ. ರೋಡ್ ಎಂದರೆ ಸಾಕು, ಮಕ್ಕಳೂ ಕೈತೋರಿಸುತ್ತವೆ. ದೆಹಲಿಗೆ ನೆಹರು ಪ್ಲೇಸ್, ಮುಂಬಯಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ಬೆಂಗಳೂರಿಗೆ ಇದು ಹಾಗೆ.

ಈ ರಸ್ತೆಗೆ ಎರಡು ಮುಖಗಳಿವೆ. ಒಂದು ಹಳೆಯ ಪೇಟೆಯ ಮುಖ: ವೈರಿನ ಸುರುಳಿ, ಮೋಟಾರು, ಸ್ವಿಚ್ಚು, ನಟ್ಟು-ಬೋಲ್ಟು. ಇನ್ನೊಂದು ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಕಾಣುವ ಮುಖ: ಗಾಜಿನ ಪೆಟ್ಟಿಗೆಯೊಳಗೆ ಬಣ್ಣಬಣ್ಣದ ದೀಪ ಮಿನುಗಿಸುತ್ತಾ ನಿಂತ ಕಂಪ್ಯೂಟರುಗಳು, ಗೋಡೆಯುದ್ದಕ್ಕೂ ಪೇರಿಸಿಟ್ಟ ಮದರ್‌ಬೋರ್ಡಿನ ಡಬ್ಬಗಳು. ಕೆಳಗೆ ಕೈಗಾಡಿಯವನು ದಾರಿ ಬಿಡಿ ಎಂದು ಕೂಗುತ್ತಿರುತ್ತಾನೆ. ಮೇಲೆ ಇಂಜಿನಿಯರಿಂಗ್ ಹುಡುಗರು ಗಿಗಾಹರ್ಟ್ಸ್ ಲೆಕ್ಕ ಹಾಕುತ್ತಿರುತ್ತಾರೆ. ಮದರ್‌ಬೋರ್ಡು ಕೊಳ್ಳಬೇಕೆಂದಿರುವವರು ಈ ಎರಡೂ ಮುಖಗಳನ್ನು ನೋಡುವುದು ಒಳ್ಳೆಯದು. ಯಾಕೆಂದು ಮುಂದೆ ಹೇಳುತ್ತೇನೆ.

ಪ್ರೊಸೆಸರನ್ನು ಕಂಪೆನಿ ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇದರ ಪುರಾಣದಲ್ಲಿ 1998ಕ್ಕೆ ದೊಡ್ಡ ಸ್ಥಾನ. ಆ ವರ್ಷ ಇಂಟೆಲ್ ಕಂಪೆನಿ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು ಹೊರತಂದಿತು. 66 ಮೆಗಾಹರ್ಟ್ಸ್‌ನ ನಾಲ್ಕೂವರೆ ಪಟ್ಟು, ಅಂದರೆ ಸುಮಾರು 300, ಅದರ ವೇಗ. ಅಬಿಟ್ ಕಂಪೆನಿಯ ಬಿಎಚ್6 ಮದರ್‌ಬೋರ್ಡಿನಲ್ಲಿ 66ನ್ನು 100 ಮಾಡಿದರೆ ಅದೇ ಚಿಪ್ಪು 450ರಲ್ಲಿ ಓಡುತ್ತಿತ್ತು. ಬಿಟ್ಟಿಯಾಗಿ ಒಂದೂವರೆ ಪಟ್ಟು ವೇಗ! ಬಡವರ ಮನೆಯ ಕಂಪ್ಯೂಟರು ಶ್ರೀಮಂತರ ಕಂಪ್ಯೂಟರಿಗೆ ಸವಾಲು ಹಾಕಿದ ಕಾಲ ಅದು.

ಈಗ ಕಂಪೆನಿಗಳು ಜಾಣವಾಗಿವೆ. ಇಂಟೆಲ್‌ನಲ್ಲಿ ಪ್ರೊಸೆಸರ್ ವೇಗ ಏರಿಸಲು ಹೆಸರಿನ ಕೊನೆಗೆ ‘ಕೆ’ ಇರುವ ಚಿಪ್ಪೂ ಬೇಕು, ಝಡ್ ಸರಣಿಯ ಬೋರ್ಡೂ ಬೇಕು. ಬಿ760ನಂಥ ಬೋರ್ಡಿನಲ್ಲಿ ಮೆಮೊರಿಯ ವೇಗ ಏರಿಸಬಹುದೇ ಹೊರತು ಪ್ರೊಸೆಸರಿನದಲ್ಲ. ಎಎಂಡಿ ಇಷ್ಟು ಬಿಗಿಯಲ್ಲ. ಅದರ ಹೆಚ್ಚಿನ ರೈಜೆನ್ ಚಿಪ್ಪುಗಳಿಗೆ ಬೀಗವಿಲ್ಲ. ಬಿ550, ಬಿ650, ಬಿ850ನಂಥ ಮಧ್ಯಮ ಬೋರ್ಡುಗಳಲ್ಲೇ ಕೆಲಸ ನಡೆಯುತ್ತದೆ. ಆದರೆ ಒಂದು ಮೆಟ್ಟಿಲು ಕೆಳಗಿನ ಎ520, ಎ620 ಬೋರ್ಡುಗಳಲ್ಲಿ ಅದಕ್ಕೆ ಅವಕಾಶವಿಲ್ಲ. 5800ಎಕ್ಸ್3ಡಿ, 7800ಎಕ್ಸ್3ಡಿ ಚಿಪ್ಪುಗಳಿಗೂ ಬೀಗವಿದೆ. ಮಧ್ಯಮ ವರ್ಗದ ಓವರ್‌ಕ್ಲಾಕರು ಎಎಂಡಿಯ ‘ಬಿ’ ಸರಣಿಗೆ ಬಂದು ನಿಲ್ಲುವುದು ಹೀಗೆ.

ಆದರೆ ‘ಬಿ’ ಸರಣಿಯೊಳಗೇ ಬೆಲೆಯಲ್ಲಿ ಹಲವು ಸಾವಿರ ವ್ಯತ್ಯಾಸ. ಯಾವುದನ್ನು ಆರಿಸುವುದು? ಒಂದು ಶನಿವಾರ ಮಧ್ಯಾಹ್ನ ಇಲ್ಲಿಯ ಅಂಗಡಿಯೊಂದರಲ್ಲಿ ನಿಂತಿದ್ದಾಗ ಈ ಪ್ರಶ್ನೆಗೆ ನಾನು ಕೇಳಿದ ಅತ್ಯುತ್ತಮ ಉತ್ತರ ಸಿಕ್ಕಿತು. ಹಿರಿಯೂರಿನ ಕಡೆಯ ಹುಡುಗ. ಜೊತೆಗೆ ಹೆಗಲಿಗೆ ಟವೆಲ್ ಹಾಕಿದ್ದ ಅಪ್ಪ. ಹುಡುಗನ ಮುಂದೆ ಎರಡು ಬಿ650 ಬೋರ್ಡುಗಳು. ಒಂದಕ್ಕಿಂತ ಇನ್ನೊಂದಕ್ಕೆ ಮೂರು ಸಾವಿರ ಜಾಸ್ತಿ. ಅಪ್ಪನ ಬಜೆಟ್ಟು ಅಡಿಕೆ ಮಾರಿದ ದುಡ್ಡಿನಲ್ಲಿ ಎಣಿಸಿ ತಂದದ್ದು.

‘ಎರಡೂ ಒಂದೇ ನಂಬರಿಂದು ಅಂತೀಯ, ಎರಡರಲ್ಲೂ ಓಡ್ತೈತೆ ಅಂತೀಯ. ಮತ್ತೆ ಮೂರು ಸಾವಿರ ಯಾಕಪ್ಪ ಜಾಸ್ತಿ?’

ಹುಡುಗ ಫೇಸು, ಮಾಸ್ಫೆಟ್ಟು ಎಂದೇನೋ ತೊದಲಿದ. ಅಂಗಡಿಯ ಕೆಲಸದವರು ನಕ್ಕು ಕೇಳಿದರು: ‘ಯಜಮಾನ್ರೇ, ತೋಟದಲ್ಲಿ ಬೋರ್‌ವೆಲ್ ಇದೆಯಲ್ಲ, ಎಷ್ಟು ಎಚ್.ಪಿ.?’

‘ಏಳೂವರೆ.’

‘ಅದಕ್ಕೆ ತೆಳ್ಳಗಿನ ಕೇಬಲ್ ಹಾಕಿದರೆ?’

‘ಕೇಬಲ್ ಕಾಯ್ತೈತೆ. ಮೋಟಾರು ಎತ್ತಲ್ಲ. ಕೊನೆಗೆ ಸುಟ್ಟೇ ಹೋಗ್ತೈತೆ.’

‘ಇದೂ ಅಷ್ಟೇ. ನಿಮ್ಮ ಮಗ ಮೋಟಾರನ್ನ ಜೋರಾಗಿ ಓಡಿಸಬೇಕು ಅಂತಿದಾನೆ. ಇದು ಕೇಬಲ್ಲಿನ ರೇಟು.’

ಇದು ಬಾಯಿಮಾತಿನ ಹೋಲಿಕೆ ಮಾತ್ರವಲ್ಲ, ಲೆಕ್ಕವೂ ಹೌದು. ಪ್ರೊಸೆಸರು 120 ವಾಟ್ ಬಳಸುತ್ತಿದೆ ಎನ್ನಿ. ಮನೆಯ 230 ವೋಲ್ಟಿನ ಪ್ಲಗ್ಗಿನಲ್ಲಿ ಅದು ಅರ್ಧ ಆಂಪಿಯರಿನ ಮಾತು. ಆದರೆ ಪ್ರೊಸೆಸರಿಗೆ ಬೇಕಾದದ್ದು ಬರೀ 1.2 ವೋಲ್ಟ್. 120 ವಾಟನ್ನು 1.2ರಿಂದ ಭಾಗಿಸಿ: 100 ಆಂಪಿಯರ್! ಆ ಯಜಮಾನರ ಏಳೂವರೆ ಎಚ್.ಪಿ. ಮೋಟಾರು ಎಳೆಯುವುದು ಹತ್ತು-ಹನ್ನೆರಡು ಆಂಪಿಯರ್ ಅಷ್ಟೆ. ಅದರ ಎಂಟು-ಹತ್ತು ಪಟ್ಟು ಕರೆಂಟು ಅಂಗೈಯಗಲದ ಜಾಗದಲ್ಲಿ ಹರಿಯಬೇಕು.

ಇದನ್ನು ಹೊರುವುದು ಪ್ರೊಸೆಸರಿನ ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ಕೂತಿರುವ ಪುಟ್ಟ ಬಿಡಿಭಾಗಗಳು. ಒಟ್ಟಾಗಿ ಇವಕ್ಕೆ ವಿ.ಆರ್.ಎಂ. ಎಂದು ಹೆಸರು. ಪವರ್ ಸಪ್ಲೈನಿಂದ ಬಂದ 12 ವೋಲ್ಟನ್ನು ಇವು ಒಂದು ಚಿಲ್ಲರೆ ವೋಲ್ಟಿಗೆ ಇಳಿಸುತ್ತವೆ. ಕೆಲಸವನ್ನು ಹಂಚಿಕೊಳ್ಳುವ ಒಂದೊಂದು ಘಟಕವೂ ಒಂದು ‘ಫೇಸ್’. ನಾಲ್ಕು ಜನ ಹೊರುವ ಮೂಟೆಯನ್ನು ಎಂಟು ಜನ ಹೊತ್ತರೆ ಯಾರಿಗೂ ಬೆವರು ಕಿತ್ತುಬರುವುದಿಲ್ಲ. ಹಾಗೆಂದು ಡಬ್ಬದ ಮೇಲಿನ ಸಂಖ್ಯೆಯನ್ನೇ ನಂಬಬೇಡಿ. ಒಂದೊಂದು ಫೇಸ್ ಎಷ್ಟು ಆಂಪಿಯರ್ ತಾಳುತ್ತದೆ ಎಂದು ಕೇಳಿ. 50-60 ಆಂಪಿಯರಿನ ಎಂಟು ಫೇಸ್ ಇದ್ದರೆ ಆರು ಅಥವಾ ಎಂಟು ಕೋರಿನ ಚಿಪ್ಪಿಗೆ ಧಾರಾಳ. ಆಮೇಲೆ ಅವುಗಳ ಮೇಲೆ ಕೂತ ಅಲ್ಯುಮಿನಿಯಂ ಹೀಟ್‌ಸಿಂಕ್ ನೋಡಿ. ಕೈಗೆ ತೂಕ ಸಿಗಬೇಕು, ಸ್ಕ್ರೂ ಹಾಕಿ ಕೂರಿಸಿರಬೇಕು. ವಿ.ಆರ್.ಎಂ. ಕಾದರೆ ಪ್ರೊಸೆಸರು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಓವರ್‌ಕ್ಲಾಕಿಗೆಂದು ಕೊಟ್ಟ ದುಡ್ಡು ಅಲ್ಲಿಗೆ ನೀರುಪಾಲು. ರಾಯಚೂರು, ಕಲಬುರಗಿಯ ಮೇ ತಿಂಗಳಿನಲ್ಲಿ ಫ್ಯಾನಿನಡಿ ಕಂಪ್ಯೂಟರು ಇಡುವವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು.

ಉಳಿದಂತೆ ಎರಡು ಅನುಕೂಲಗಳಿಗೆ ಐನೂರು-ಸಾವಿರ ಹೆಚ್ಚು ಕೊಡಬಹುದು. ಒಂದು, ಪ್ರೊಸೆಸರು ಇಲ್ಲದೆಯೂ ಬಯಾಸ್ ಬದಲಿಸಬಲ್ಲ ಹಿಂಬದಿಯ ಗುಂಡಿ. ಮುಂದೆ ಹೊಸ ಚಿಪ್ಪು ಹಾಕುವಾಗ ಇದು ಕೈಹಿಡಿಯುತ್ತದೆ. ಎರಡು, ನೀವು ಕೊಳ್ಳುವ ಮೆಮೊರಿಯನ್ನು ತಾಳುವ ಶಕ್ತಿ. ಬಿ650ರಲ್ಲಿ ಡಿಡಿಆರ್5-6000 ಮೆಮೊರಿ ಸರಾಗವಾಗಿ ಓಡಿದರೆ, ಪ್ರೊಸೆಸರಿನ ವೇಗ ಎಳೆದಾಡಿದ್ದಕ್ಕಿಂತ ಆಟಗಳಲ್ಲಿ ಹೆಚ್ಚು ಲಾಭ ಕಾಣುವುದುಂಟು. ಬಣ್ಣದ ದೀಪ, ಬೋರ್ಡಿನ ಮೇಲಿನ ಹುಲಿ-ಸಿಂಹದ ಚಿತ್ರ ವೇಗಕ್ಕೆ ಏನೂ ಸೇರಿಸುವುದಿಲ್ಲ.

ಆಸೆಗೂ ಮಿತಿ ಬೇಕು. ಚಿಪ್ಪಿನ ಬಿಸಿ ವೇಗದೊಂದಿಗೆ ನೇರವಾಗಿ, ವೋಲ್ಟೇಜಿನ ವರ್ಗದೊಂದಿಗೆ ಏರುತ್ತದೆ. 4.4 ಗಿಗಾಹರ್ಟ್ಸನ್ನು 4.7 ಮಾಡಲು 1.2 ವೋಲ್ಟನ್ನು 1.3ಕ್ಕೆ ಏರಿಸಿದರೆ ವೇಗ ಶೇ. 7 ಹೆಚ್ಚಿತು, ಬಿಸಿ ಶೇ. 25! ಬಡ್ಡಿ ಅಸಲನ್ನು ಮೀರುವ ಸಾಲ ಇದು. 2023ರಲ್ಲಿ ಕೆಲವು ರೈಜೆನ್ 7000 ಚಿಪ್ಪುಗಳು ಸಾಕೆಟ್ಟಿನಲ್ಲೇ ಸುಟ್ಟ ಮೇಲೆ ಎಎಂಡಿ ಒಂದು ವೋಲ್ಟೇಜಿಗೆ 1.3ರ ಮಿತಿ ಹಾಕಿತು. 2024ರಲ್ಲಿ ಇಂಟೆಲ್ ತನ್ನ 13 ಮತ್ತು 14ನೇ ತಲೆಮಾರಿನ ಚಿಪ್ಪುಗಳ ವೋಲ್ಟೇಜ್ ದೋಷಕ್ಕೆ ತಿದ್ದುಪಡಿ ಕೊಟ್ಟು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಹಾಗಾಗಿ ಈಗಿನ ಜಾಣ ಹುಡುಗರು ವೋಲ್ಟೇಜನ್ನು ಏರಿಸುವ ಬದಲು ಇಳಿಸುತ್ತಾರೆ. ಚಿಪ್ಪು ತಣ್ಣಗಿದ್ದಷ್ಟೂ ತಾನೇ ಹೆಚ್ಚು ಓಡುತ್ತದೆ.

ಮೇಲಿನ ಅಂಗಡಿಗೆ ಹೋಗುವ ಮುನ್ನ ಕೆಳಗಿನ ವೈರಿನ ಅಂಗಡಿಯ ಮುಂದೆ ಐದು ನಿಮಿಷ ನಿಲ್ಲಿ ಎನ್ನುವುದು ಇದಕ್ಕೇ. ಅಲ್ಲಿಗೆ ಬರುವ ಎಲೆಕ್ಟ್ರಿಷಿಯನ್ ಎಷ್ಟು ಆಂಪಿಯರ್ ಎಂದು ಕೇಳಿಯೇ ವೈರು ಅಳೆಸುತ್ತಾನೆ. ವೈರಿನ ಬಣ್ಣ ಆಮೇಲಿನ ಮಾತು. ಮದರ್‌ಬೋರ್ಡು ಕೊಳ್ಳುವವರಿಗೂ ಅದೇ ಪಾಠ.

ಎಸ್.ಪಿ. ರಸ್ತೆಗೆ ಬರುವವರು ಭಾನುವಾರ ಬರಬೇಡಿ. ಹೆಚ್ಚಿನ ಅಂಗಡಿಗಳಿಗೆ ಬೀಗ. ವಾರದ ದಿನ ಹನ್ನೊಂದರ ಸುಮಾರಿಗೆ ಬಂದರೆ ಮಾತಾಡಲು ಅಂಗಡಿಯವರಿಗೂ ಪುರುಸೊತ್ತಿರುತ್ತದೆ. ಕಾರು ತರಬೇಡಿ, ಮೆಟ್ರೊದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಅಥವಾ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ನಡೆಯಿರಿ. ನಾಲ್ಕು ಅಂಗಡಿಯಲ್ಲಿ ವಿಚಾರಿಸಿ. ಬಿಲ್ಲಿಲ್ಲದೆ ಕೊಂಡರೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಬೋರ್ಡಿಗೆ ಸಾಮಾನ್ಯವಾಗಿ 3 ವರ್ಷದ ವಾರಂಟಿ ಇರುತ್ತದೆ, ಅದನ್ನು ಕೇಳಲು ಬಿಲ್ಲೇ ಆಧಾರ. ಕೊನೆಯದಾಗಿ, ಡಬ್ಬವನ್ನು ಅಂಗಡಿಯಲ್ಲೇ ಬಿಚ್ಚಿಸಿ, ಸಾಕೆಟ್ಟಿನ ಮುಚ್ಚಳ ತೆಗೆಸಿ, ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಸಾವಿರಕ್ಕೂ ಮಿಕ್ಕಿದ ಕೂದಲೆಳೆಯಂಥ ಪಿನ್ನುಗಳಲ್ಲಿ ಒಂದೇ ಒಂದು ಬಾಗಿದ್ದರೂ ಮನೆ ಮುಟ್ಟಿದ ಮೇಲೆ ಅದು ನಿಮ್ಮದೇ ತಪ್ಪಾಗುತ್ತದೆ.