ನಾಲ್ಕು ಡಿಸ್ಕು, ಒಂದೇ ಪೆಟ್ಟಿಗೆ

ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ನಿವೃತ್ತಿಯ ನಂತರ ಪಾಠ ಹೇಳಿಸಿಕೊಳ್ಳುವ ಯೋಗ ಬರುತ್ತದೆಂದು ನಾನು ಎಣಿಸಿರಲಿಲ್ಲ. 2024ರ ಬೇಸಿಗೆಯಲ್ಲಿ ಅದು ಬಂದಿತು. ಪಾಠ ಹೇಳಿದವನು ನನ್ನಲ್ಲಿಯೇ ಹತ್ತನೆಯ ತರಗತಿಯ ಗಣಿತ ಕಲಿತ ಹುಡುಗ. ನಿಮ್ಮಲ್ಲಿ ಅನೇಕರ ಫೋಟೋಗಳು ನನ್ನ ಮನೆಯಲ್ಲಿದ್ದವಾದ್ದರಿಂದ ಈ ಸಂಗತಿ ನಿಮಗೂ ಸೇರಿದ್ದು. ನಡೆದುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ತಾಲೂಕುಗಳ ಪ್ರೌಢಶಾಲೆಗಳಲ್ಲಿ ನಾನು ಕೆಲಸ ಮಾಡಿದ ಕಾಲದ ಗುಂಪುಚಿತ್ರಗಳನ್ನೆಲ್ಲ ಒಂದೆಡೆ ಸೇರಿಸಬೇಕೆಂಬ ಹುಚ್ಚು ನನಗೆ 2020ರ ಲಾಕ್‌ಡೌನಿನಲ್ಲಿ ಹಿಡಿಯಿತು. ಕೇಳಿದ ಕೂಡಲೇ ನೀವು ಕಳುಹಿಸಿಕೊಟ್ಟಿರಿ. ಗೆದ್ದಲು ತಿಂದವು, ಗೋಡೆಯ ಚೌಕಟ್ಟಿನಲ್ಲಿ ಬಣ್ಣ ಹೋದವು, ಚಿತ್ರದುರ್ಗದ ಕೋಟೆಯ ಪ್ರವಾಸದಲ್ಲಿ ತೆಗೆಸಿದವು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಮೂಲಪ್ರತಿಗಳನ್ನು ಹಿಂದಿರುಗಿಸಿದೆ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಎಂಬತ್ತೊಂಬತ್ತು ವರ್ಷಕ್ಕೆ ಕೋಡಿ ಬಿದ್ದಾಗ ಹಿರಿಯೂರಿಗೆ ಹೋಗಿ ತೆಗೆದ ಚಿತ್ರಗಳೂ ಅದರಲ್ಲಿ ಸೇರಿದವು.

ಇವೆಲ್ಲಕ್ಕಿಂತ ನನಗೆ ಹೆಚ್ಚಿನದಾಗಿದ್ದುದು ಒಂದು ಧ್ವನಿ. 1987ರಲ್ಲಿ ಎರವಲು ಟೇಪ್‌ರೆಕಾರ್ಡರ್ ತಂದು ನಮ್ಮ ಅವ್ವನ ಬೀಸುವ ಪದಗಳನ್ನು ಸುಮಾರು ನಲವತ್ತು ನಿಮಿಷ ಮುದ್ರಿಸಿಕೊಂಡಿದ್ದೆ. ಬೀಸುವ ಕಲ್ಲಿನ ಸದ್ದು ಹಿಂದೆ, ಅವ್ವನ ಸದ್ದು ಮುಂದೆ. ಅವ್ವ 1996ರಲ್ಲಿ ತೀರಿಕೊಂಡರು. ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ ಟೇಪಿಗೆ ಬೂಷ್ಟು ಹಿಡಿದು ತುಂಡಾಯಿತು. ‘ಹೇಗೂ ಉಳಿಸಿದ್ದಾಗಿದೆ’ ಎಂದು ನಾನು ಚಿಂತಿಸಲಿಲ್ಲ.

ಉಳಿಸಿದ್ದು ಎಲ್ಲಿ? ನನ್ನ ಕೋಣೆಯ ಮೂಲೆಯ ಒಂದು ಸಣ್ಣ ಸರ್ವರಿನಲ್ಲಿ. ಬೆಂಗಳೂರಿನ ಕಂಪನಿಯೊಂದರಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಆ ಹಳೆಯ ವಿದ್ಯಾರ್ಥಿಯೇ ಅದನ್ನು ಜೋಡಿಸಿಕೊಟ್ಟಿದ್ದ. ಎರಡು ಟೆರಾಬೈಟಿನ ನಾಲ್ಕು ಹಾರ್ಡ್‌ಡಿಸ್ಕುಗಳು; ಬಳಕೆಗೆ ದೊರೆಯುವುದು ಆರು. ಉಳಿದ ಎರಡು ಟೆರಾಬೈಟಿನ ಜಾಗ ಕಾವಲಿಗೆ. “ಇದಕ್ಕೆ ರೇಡ್ ಐದು ಅಂತಾರೆ ಸಾರ್. ಒಂದು ಡಿಸ್ಕು ಹೋದರೆ ಏನೂ ಆಗಲ್ಲ. ಆದರೆ ಹೋಯಿತು ಅಂತ ಇದು ಮೇಲ್ ಕಳಿಸುತ್ತೆ, ನೋಡ್ತಾ ಇರಿ” ಎಂದಿದ್ದ. ‘ಏನೂ ಆಗಲ್ಲ’ ಎಂಬುದಷ್ಟೇ ನನ್ನ ಕಿವಿಯಲ್ಲಿ ಉಳಿಯಿತು.

ಈ ರೇಡ್ ಎಂಬ ಏರ್ಪಾಟಿಗೆ 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಹೆಸರಿಟ್ಟು ಪ್ರಬಂಧ ಬರೆದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ ದುಡಿಸುವುದು ಅವರ ಆಶಯ. ಅದರ ಗುಟ್ಟು ನಮ್ಮ ಅಂಕಪಟ್ಟಿಯಲ್ಲೇ ಇದೆ. ಕನ್ನಡ 62, ಗಣಿತ 48, ವಿಜ್ಞಾನ 55, ಒಟ್ಟು 165. ಗಣಿತದ ಮೇಲೆ ಮಸಿ ಚೆಲ್ಲಿದರೂ ಒಟ್ಟು ಮೊತ್ತದಿಂದ ಮಿಕ್ಕೆರಡನ್ನು ಕಳೆದು 48 ಎಂದು ಹೇಳಬಹುದು. ಯಂತ್ರವು ಕೂಡುವ ಬದಲು ಸಮ-ಬೆಸದ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ನಾಲ್ಕೂ ಡಿಸ್ಕುಗಳಿಗೆ ಸರದಿಯಂತೆ ಹಂಚುತ್ತದೆ. ತತ್ತ್ವ ಮಾತ್ರ ಅದೇ. ಆದರೆ ಎರಡು ಅಂಕಗಳ ಮೇಲೆ ಮಸಿ ಚೆಲ್ಲಿದರೆ ಯಾವ ಮೇಷ್ಟ್ರೂ ಏನೂ ಮಾಡಲಾರ.

ನಮ್ಮಲ್ಲಿ ಆದದ್ದು ಅದೇ. ಮಾರ್ಚಿಯಲ್ಲಿ ಮೊದಲನೆಯ ಡಿಸ್ಕು ಕೆಟ್ಟಿತು. ಪೆಟ್ಟಿಗೆಯ ಮುಂದೆ ಒಂದು ಕೆಂಪು ದೀಪ ಹತ್ತಿತು. ಚಾಲೂ ಇದೆಯೆಂಬ ಗುರುತಿರಬಹುದೆಂದುಕೊಂಡೆ. ಬಂದ ಮೇಲುಗಳನ್ನು ತೆರೆಯಲಿಲ್ಲ. ಫೋಟೋಗಳು ಎಂದಿನಂತೆ ತೆರೆಯುತ್ತಿದ್ದವು. ಮಸಿ ಚೆಲ್ಲಿದ ಅಂಕವನ್ನು ಯಂತ್ರವು ಪ್ರತಿ ಸಲವೂ ಕಳೆದು ತೋರಿಸುತ್ತಿತ್ತು. ಹೀಗೆ ಎರಡು ತಿಂಗಳು. ಮೇ ತಿಂಗಳ ಒಂದು ರಾತ್ರಿ ಗುಡುಗು, ಸಿಡಿಲು. ಕರೆಂಟು ನಾಲ್ಕಾರು ಸಲ ಹೋಗಿ ಬಂದಿತು. ಬೆಳಿಗ್ಗೆ ನೋಡಿದರೆ ಎರಡು ದೀಪ ಕೆಂಪು. ಫೈಲುಗಳ ಪಟ್ಟಿ ಖಾಲಿ.

ಪಟ್ಟಣದ ಅಂಗಡಿಯೊಂದಕ್ಕೆ ಹೋಗಿ ಕೇಳಿದೆ. “ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ಸಾರ್” ಎಂದರು. ಪುಣ್ಯಕ್ಕೆ ಅದಕ್ಕೆ ಒಪ್ಪುವ ಮೊದಲು ಹುಡುಗನಿಗೆ ಫೋನು ಮಾಡಿದೆ.

“ಸಾರ್, ಈಗ ಏನನ್ನೂ ಮುಟ್ಟಬೇಡಿ. ಆಫ್ ಮಾಡಿಬಿಡಿ.”

“ಮತ್ತೆ ಒಂದು ಸಲ ಆನ್ ಮಾಡಿ ನೋಡಲೇನಪ್ಪಾ?”

“ಬೇಡಿ ಸಾರ್. ಡಿಸ್ಕುಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಅಂತ ಬರೆದಿಡಿ. ಭಾನುವಾರ ಬರ್ತೀನಿ.”

ಪರೀಕ್ಷಾ ಕೊಠಡಿಯಲ್ಲಿ ನಾನು ಗದರುತ್ತಿದ್ದ ಧ್ವನಿ ಅದು. ನಾನು ಬಾಯಿ ಮುಚ್ಚಿಕೊಂಡು ಬರೆದಿಟ್ಟೆ.

ಭಾನುವಾರ ಅವನು ಹೊಸ ಡಿಸ್ಕುಗಳನ್ನು ಹಿಡಿದು ಬಂದ. ಒಂದನೆಯದು ಕಟಕಟ ಸದ್ದು ಮಾಡಿ ಸುಮ್ಮನಾಯಿತು; ಅದರ ಆಸೆ ಬಿಟ್ಟ. ಮೂರು, ನಾಲ್ಕು ಚೆನ್ನಾಗಿದ್ದವು. ಎರಡನೆಯದು ಅರೆಜೀವವಾಗಿತ್ತು, ಕೆಲವು ಜಾಗಗಳನ್ನು ಓದಲು ಬರುತ್ತಿರಲಿಲ್ಲ. “ನಮ್ಮ ಕೆಲಸವೆಲ್ಲ ಇದರ ಪ್ರತಿ ತೆಗೆಯೋದು ಸಾರ್. ಮೂಲದ ಮೇಲೆ ಒಂದಕ್ಷರವನ್ನೂ ಬರೆಯಬಾರದು” ಎಂದ. ಡಿಡಿ-ರೆಸ್ಕ್ಯೂ ಎಂಬ ತಂತ್ರಾಂಶವೊಂದಿದೆ. ಅದು ಜಾಣ ವಿದ್ಯಾರ್ಥಿಯಂತೆ ಸುಲಭದ ಪ್ರಶ್ನೆಗಳನ್ನು ಮೊದಲು ಮುಗಿಸುತ್ತದೆ. ಓದಲು ಬರುವುದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಿಕೊಂಡು, ಬಾರದ ಜಾಗಗಳನ್ನು ಗುರುತು ಹಾಕಿಟ್ಟುಕೊಂಡು, ಆಮೇಲೆ ಅವುಗಳತ್ತ ಮತ್ತೆ ಮತ್ತೆ ಹಿಂದಿರುಗುತ್ತದೆ. ಬಹುಪಾಲು ಮೊದಲ ರಾತ್ರಿಯೇ ಮುಗಿಯಿತು. ಕೊನೆಯ ಚೂರುಗಳಿಗೆ ಇನ್ನೆರಡು ದಿನ ಹಿಡಿಯಿತು. ಅವನು ರಜೆ ಹಾಕಿ ನಮ್ಮಲ್ಲೇ ಉಳಿದ. ಆ ಎರಡು ರಾತ್ರಿ ನಾನು ಎದ್ದೆದ್ದು ಪರದೆಯ ಮೇಲಿನ ಅಂಕೆ ನೋಡಿ ಬರುತ್ತಿದ್ದೆ.

ಲಿನಕ್ಸಿನಲ್ಲಿ ಡಿಸ್ಕುಗಳನ್ನು ಕೂಡಿಸಲು ಎರಡು ಆಜ್ಞೆಗಳಿವೆ. ಒಂದು, ಇರುವುದನ್ನೇ ಜೋಡಿಸು ಎನ್ನುವ ಅಸೆಂಬಲ್. ಇನ್ನೊಂದು, ಹೊಸದಾಗಿ ಮಾಡು ಎನ್ನುವ ಕ್ರಿಯೇಟ್. ಗಾಬರಿಯಲ್ಲಿ ಎರಡನೆಯದನ್ನು ಕೊಟ್ಟು ಎಲ್ಲವನ್ನೂ ಕಳೆದುಕೊಂಡವರನ್ನು ತಾನು ನೋಡಿರುವೆನೆಂದು ಅವನು ಹೇಳಿದ. ಪ್ರತಿ ಡಿಸ್ಕಿನಲ್ಲೂ ಹಾಜರಿ ಸಂಖ್ಯೆಯಂತಹ ಒಂದು ಎಣಿಕೆ ಇರುತ್ತದೆ. ಎರಡನೆಯದರ ಎಣಿಕೆ ಉಳಿದವಕ್ಕಿಂತ ತುಸುವೇ ಹಿಂದಿತ್ತು. ಆದ್ದರಿಂದ ಅದರ ನಕಲನ್ನು ಒತ್ತಾಯದಿಂದ ಒಪ್ಪಿಸಿ ಮೂರನ್ನು ಜೋಡಿಸಿದ. ಬರೆಯಲು ಬಿಡದೆ ಓದಲು ಮಾತ್ರ ತೆರೆದ. ಪಟ್ಟಿ ಕಾಣಿಸಿತು. ಕಾಲಿಯಿದ್ದ ಜಾಗಕ್ಕೆ ನಾಲ್ಕನೆಯ ಡಿಸ್ಕನ್ನು ಕೂಡಲೇ ಸೇರಿಸಬಾರದೇ ಎಂದರೆ, “ಮೊದಲು ಎಲ್ಲವನ್ನೂ ಹೊರಗೆ ತೆಗೆದಿಡೋಣ. ಮರುಜೋಡಣೆಗೆ ಇರೋ ಡಿಸ್ಕುಗಳನ್ನ ಪೂರ್ತಿ ಓದಬೇಕು ಸಾರ್. ಆಯಾಸಗೊಂಡದ್ದು ಅಲ್ಲೇ ಕೈ ಕೊಡುತ್ತೆ” ಎಂದ.

ಲೆಕ್ಕ ಒಪ್ಪಿಸುತ್ತೇನೆ. ಹನ್ನೊಂದು ಫೋಟೋಗಳು ಹಾಳಾಗಿದ್ದವು. ಅವುಗಳಲ್ಲಿ ಒಂಬತ್ತು, ಹಿಂದೊಮ್ಮೆ ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಹಿರಿಯೂರಿನ ಹಳೆಯ ವಿದ್ಯಾರ್ಥಿನಿಯೊಬ್ಬಳ ಬಳಿ ದೊರೆತವು. ಅಂದು ಅವಳು ಕೇಳಿದಾಗ ‘ಎಲ್ಲ ಇಲ್ಲೇ ಭದ್ರವಾಗಿದೆಯಲ್ಲಮ್ಮ, ನಿನಗೇಕೆ’ ಎಂದು ನಾನು ಗೊಣಗಿದ್ದೆ. ಎರಡು ಇನ್ನೂ ಸಿಕ್ಕಿಲ್ಲ.

ಅವ್ವನ ಹಾಡು ಬಂದಿತು. ಹದಿನೆಂಟನೆಯ ನಿಮಿಷದ ಸುಮಾರಿಗೆ ಮಾತ್ರ ಆರೇಳು ಸೆಕೆಂಡು ಏನೂ ಇಲ್ಲ. ಕಲ್ಲಿನ ಸದ್ದೂ ಇಲ್ಲ. ಓದಲಾಗದ ಜಾಗದಲ್ಲಿ ಸೊನ್ನೆಗಳು ಉಳಿದವಂತೆ. ಸೊನ್ನೆಯೆಂದರೆ ಯಂತ್ರಕ್ಕೆ ಮೌನ. ಅದನ್ನು ಹೊಳಲ್ಕೆರೆಯ ಚಿಕ್ಕವ್ವನಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದು, ಮೌನ ಬಂದ ಕಡೆ ತಾವೇ ಆ ಸಾಲನ್ನು ಹಾಡಿಬಿಟ್ಟರು. ಆಮೇಲೆ, “ನಿಮ್ಮವ್ವ ಹಿಂಗೇ ಹೇಳ್ತಿದ್ಲೋ ಇಲ್ವೋ ಕಾಣೆ ಕಣಪ್ಪ. ನಂಗೆ ಬರೋದು ಹಿಂಗೆ” ಎಂದರು. ಅದನ್ನು ಬೇರೆಯಾಗಿ ಮುದ್ರಿಸಿಕೊಂಡೆ. ಅವ್ವನ ಹಾಡಿನೊಳಕ್ಕೆ ಸೇರಿಸಲಿಲ್ಲ. ಆ ಮೌನವನ್ನು ಹಾಗೆಯೇ ಬಿಟ್ಟಿದ್ದೇನೆ. ಕಳೆದು ತೆಗೆದ 48 ಅದೇ 48. ನೆನಪಿನಿಂದ ತೆಗೆದದ್ದು ನೆನಪಿಟ್ಟವರದು.

ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳೆಂಬ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಬಹುಮಟ್ಟಿಗೆ ಒಂದೇ ಒಕ್ಕಣೆ. ಜಟಿಂಗರಾಮೇಶ್ವರದ್ದು ಬಹಳ ಸವೆದಿದೆ; ಆದರೂ ಅದರಲ್ಲಿ ಏನಿತ್ತೆಂದು ಉಳಿದೆರಡರಿಂದ ತಿಳಿಯುತ್ತದೆ. ಬ್ರಹ್ಮಗಿರಿಯ ‘ಅಕ್ಷರಗುಂಡಿ’ನ ಮುಂದೆ ಎಷ್ಟೋ ಸಲ ಮಕ್ಕಳನ್ನು ನಿಲ್ಲಿಸಿ ಇದನ್ನೇ ವಿವರಿಸಿದ್ದೆ. ಮನೆಗೆ ಬಂದು ನಾಲ್ಕು ಡಿಸ್ಕುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಒಂದೇ ಪ್ಲಗ್ಗಿಗೆ ಸಿಕ್ಕಿಸಿ, ಭದ್ರವೆಂದು ನಂಬಿದ್ದೆ. ಒಂದು ಡಿಸ್ಕು ಕೆಟ್ಟರೆ ರೇಡ್ ಕಾಯುತ್ತದೆ. ಸಿಡಿಲು, ಕಳ್ಳ, ಬೆಂಕಿ, ಕೈತಪ್ಪಿ ಅಳಿಸುವಿಕೆ, ಎಲ್ಲಕ್ಕಿಂತ ಮಿಗಿಲಾಗಿ ಯಜಮಾನನ ಅಲಕ್ಷ್ಯ, ಇವುಗಳಿಂದ ಕಾಯುವುದಿಲ್ಲ.

ಈಗ ಒಂದು ಪ್ರತಿ ನನ್ನಲ್ಲಿ, ಒಂದು ಚಿತ್ರದುರ್ಗದಲ್ಲಿರುವ ಮಗಳ ಮನೆಯ ಬೀರುವಿನಲ್ಲಿ, ಒಂದು ಬೆಂಗಳೂರಿನಲ್ಲಿ ಆ ಹುಡುಗನ ಬಳಿ ಇವೆ. ಪ್ರತಿ ತಿಂಗಳ ಮೊದಲ ಭಾನುವಾರ ತೆರೆದು ನೋಡುತ್ತೇನೆ, ಮೇಲುಗಳನ್ನೂ ಓದುತ್ತೇನೆ.

ಸಿಕ್ಕದ ಎರಡು ಚಿತ್ರಗಳು ಹೊಳಲ್ಕೆರೆ ತಾಲೂಕಿನಲ್ಲಿದ್ದಾಗಿನ 1991 ಮತ್ತು 1993ರ ಹತ್ತನೆಯ ತರಗತಿಯವು. ಆ ಸಾಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಮನೆಯ ಹಳೆಯ ಟ್ರಂಕುಗಳನ್ನೊಮ್ಮೆ ತೆರೆದು ನೋಡಿ. ಉಳಿದವರು ನಿಮ್ಮ ನಿಮ್ಮ ವರ್ಷದ ಪ್ರತಿಯನ್ನು ಬಂದು ಒಯ್ಯಿರಿ. ಈ ಸಲ ನಾನು ಗೊಣಗುವುದಿಲ್ಲ.