ಹಂಡೆ ನೀರಿನ ಲೆಕ್ಕ

ಶಿರಸಿ, ಸಿದ್ದಾಪುರ ಕಡೆಯ ಮನೆಗಳಿಗೆ ಮಳೆಗಾಲದಲ್ಲಿ ಹೋದವರ ಕಿವಿಗೆ ಎರಡು ಮಾತು ಬಿದ್ದೇ ಬೀಳುತ್ತೆ. ಒಂದು, 'ಆಸರಿಗೆ ಎಂತ ಬೇಕು?' ಇನ್ನೊಂದು, 'ನೀರು ಕಾದಿದ್ದು, ಮಿಂದ್ಕಂಡು ಬನ್ನಿ.' ಮೊದಲನೆಯದಕ್ಕೆ ಕಷಾಯವೋ ಕಾಫಿಯೋ ಅಂತ ಹೇಳಬೇಕು. ಎರಡನೆಯದಕ್ಕೆ ಉತ್ತರವೇ ಬೇಕಿಲ್ಲ, ಟವೆಲ್ ಹಿಡಿದು ಎದ್ದರಾಯಿತು. ಬೆಂಗಳೂರಿನ ರಾತ್ರಿ ಬಸ್ಸಿಳಿದು, ಕೊನೆಯ ಎರಡು ಕಿಲೋಮೀಟರ್ ಕೆಸರಲ್ಲಿ ನಡೆದು, ಕಾಲಿಗೆ ಹತ್ತಿದ ಉಂಬಳ ಕಿತ್ತು ಹಾಕಿ ಬಂದವರಿಗೆ ಆ ಹಂಡೆ ನೀರಿನ ಸುಖವನ್ನು ಯಾವ ರೆಸಾರ್ಟೂ ಕೊಡಲ್ಲ.

ಜುಲೈ ನಡುವೆ ಸಹೋದ್ಯೋಗಿಯೊಬ್ಬನ ಜೊತೆ ಸಿದ್ದಾಪುರದ ಹತ್ತಿರ ಅವನ ಮನೆಗೆ ಹೋಗಿದ್ದೆ. ಹೊರಟಿದ್ದು ಜೋಗ ನೋಡೋಕೆ. ಜೋಗ ಮಂಜಿನೊಳಗೆ ಕೂತು ಸದ್ದು ಮಾತ್ರ ಕೇಳಿಸಿತು. ಹಾಗಾಗಿ ಮೂರು ದಿನ ನಾನು ಚೆನ್ನಾಗಿ ನೋಡಿದ್ದು ಬಚ್ಚಲುಮನೆಯ ಒಲೆಯನ್ನು.

ಮನೆಯಲ್ಲೇ ಬೆಚ್ಚಗಿನ ಜಾಗ

ಚಳಿ ದೇಶಗಳಲ್ಲಿ ಇಡೀ ಮನೆಯನ್ನೇ ಕಾಯಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ಮನೆ ಕಾಯಿಸುವ ಪದ್ಧತಿ ಇಲ್ಲ, ನೀರು ಕಾಯಿಸುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಹಾಸಿಗೆ, ದಿನಪತ್ರಿಕೆ, ಎಲ್ಲವೂ ತಂಡಿ ಹಿಡಿದಿರುತ್ತೆ. ಆ ನಾಲ್ಕು ತಿಂಗಳು ಮನೆಯಲ್ಲಿ ಒಣಗಿರುವ ಜಾಗ ಅಂದ್ರೆ ಬಚ್ಚಲುಮನೆ. ವಿಚಿತ್ರ ಅನ್ನಿಸಬಹುದು, ನಿಜ.

ಗೋಡೆಗೆ ಸೇರಿಸಿ ಮಣ್ಣಿನಿಂದ ಕಟ್ಟಿದ ಒಲೆ. ಅದರ ಮೇಲೆ ಕತ್ತಿನವರೆಗೂ ಹೂತು ಕೂತ ತಾಮ್ರದ ಹಂಡೆ, ಎಂಬತ್ತು ಲೀಟರ್ ಹಿಡಿಯುವಂಥದ್ದು. ಹೊಗೆಗೆ ಕಪ್ಪಾದ ಗೋಡೆ. ಒಲೆಯ ಮೇಲ್ಗಡೆ ಅಡ್ಡಕ್ಕೆ ಕಟ್ಟಿದ ಬಿದಿರಿನ ಗಳದಲ್ಲಿ ಸಾಲಾಗಿ ಒದ್ದೆ ಬಟ್ಟೆ: ಲುಂಗಿ, ಮಕ್ಕಳ ಯೂನಿಫಾರ್ಮು, ಕಂಬಳಿ. ಬೂದಿಯೊಳಗೆ ಹಲಸಿನ ಬೇಳೆ ಸುಡುತ್ತಿರುತ್ತೆ. ಬಾಣಂತಿ ಇದ್ದ ಮನೆಯಲ್ಲಂತೂ ಈ ಒಲೆ ಆರುವ ಮಾತೇ ಇಲ್ಲ. ಒಂದೇ ಬೆಂಕಿ ನೀರು ಕಾಯಿಸುತ್ತೆ, ಬಟ್ಟೆ ಒಣಗಿಸುತ್ತೆ, ಮೈ ಬೆಚ್ಚಗೆ ಮಾಡುತ್ತೆ. ಗೀಸರ್ ಕೊಳ್ಳುವಾಗ ನಾವು ಇದರಲ್ಲಿ ಮೊದಲನೆಯ ಕೆಲಸವನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತೇವೆ.

ಹಂಡೆಗೆ ಹಬ್ಬವೂ ಇದೆ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅದನ್ನು ಉಜ್ಜಿ ತೊಳೆದು, ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಅಡುಗೆಮನೆಯ ಗ್ಯಾಸ್ ಸ್ಟವ್‌ಗೆ ಇನ್ನೂ ಇಂಥ ಯೋಗ ಬಂದಿಲ್ಲ.

ಊರಿಗೊಂದು ಉರುವಲು

ನಾನು ತುಮಕೂರು ಕಡೆಯವನು. ನಮ್ಮಲ್ಲೂ ಹಂಡೆ ಒಲೆ ಇತ್ತು, ಅದಕ್ಕೆ ಹಾಕುತ್ತಿದ್ದದ್ದು ತೆಂಗಿನ ಮಟ್ಟೆ, ಗರಿ, ಕರಟ. ನಿಮ್ಮೂರಲ್ಲಿ ಏನು ಹಾಕ್ತಿದ್ರು ಅಂತ ಹೇಳಿದರೆ ನೀವು ಯಾವ ಕಡೆಯವರು ಅಂತ ಅಂದಾಜು ಮಾಡಬಹುದು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಅಂದ್ರೆ ಉತ್ತರ ಕರ್ನಾಟಕ. ಹಿಪ್ಪುನೇರಳೆ ಕಡ್ಡಿ ಅಂದ್ರೆ ರೇಷ್ಮೆ ಬೆಳೆಯುವ ರಾಮನಗರದ ಕಡೆ. ನೀಲಗಿರಿ ಸೌದೆ ಅಂದ್ರೆ ಕೋಲಾರ. ಹೊಲ ಏನು ಬೆಳೆಯುತ್ತೋ, ಅದರಲ್ಲಿ ಮಿಕ್ಕಿದ್ದು ಒಲೆಗೆ.

ಸಿದ್ದಾಪುರದಲ್ಲಿ ಹೊಲದ ಜಾಗದಲ್ಲಿ ಅಡಿಕೆ ತೋಟ. ಅಡಿಕೆ ಸುಲಿದ ಸಿಪ್ಪೆ, ಒಣಗಿ ಬಿದ್ದ ಸೋಗೆ, ಹಾಳೆ, ಎಲ್ಲವೂ ಉರುವಲೇ. ಇವು ಬೇಗ ಹೊತ್ತಿ ಬೇಗ ಆರುತ್ತವೆ. ನಿಂತು ಉರಿಯೋಕೆ ಗಟ್ಟಿ ಸೌದೆ ಬೇಕು. ಅದು ಬರುವುದು ಬೆಟ್ಟದಿಂದ. ಇಲ್ಲಿ 'ಬೆಟ್ಟ' ಅಂದ್ರೆ ಬರೀ ಗುಡ್ಡ ಅಲ್ಲ. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕಿದೆ. ಆ ಕಾಡಿನ ಹಸಿರು ಸೊಪ್ಪು, ಉದುರಿದ ಎಲೆ ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟ ಸೇರುತ್ತೆ. ಒಣಗಿದ ಕೊಂಬೆ ಕಟ್ಟಿಗೆ ಮನೆ ಸೇರುತ್ತೆ.

ಅದಕ್ಕೇ ಇಲ್ಲಿ ಸೌದೆಗೆ ಯಾರೂ ಬಿಲ್ ಕಟ್ಟಲ್ಲ. 'ನಮ್ಮಲ್ಲಿ ಬಿಸಿನೀರು ಪುಕ್ಕಟೆ' ಅಂತ ನನ್ನ ಗೆಳೆಯನೇ ಆಫೀಸಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಪುಕ್ಕಟೆ ಅಂದ್ರೆ ಎಷ್ಟು?

ಒಂದು ಸಂಜೆ ಮಳೆ ಬಿಡದೆ ಹೊಯ್ಯುತ್ತಿದ್ದಾಗ ನಾವಿಬ್ಬರೂ ಇದರ ಲೆಕ್ಕ ಹಾಕಿದೆವು. ಮನೆಯಲ್ಲಿ ಈಗ ಇರುವುದು ಇಬ್ಬರೇ, ಅವನ ಅಪ್ಪ ಮತ್ತು ಆಯಿ. ಇಬ್ಬರಿಗೂ ಎರಡೆರಡು ಬಕೆಟ್, ಒಟ್ಟು 80 ಲೀಟರ್. ಬಾವಿ ನೀರಿಗೂ ಸ್ನಾನದ ನೀರಿಗೂ 20 ಡಿಗ್ರಿ ವ್ಯತ್ಯಾಸ ಅಂತಿಟ್ಟುಕೊಳ್ಳಿ. ಅಷ್ಟು ಕಾಯಿಸೋಕೆ ಬೇಕಾದ ಶಾಖ ಎರಡು ಯೂನಿಟ್ ಕರೆಂಟಿಗೆ ಸ್ವಲ್ಪ ಕಮ್ಮಿ. ತಿಂಗಳಿಗೆ ಸುಮಾರು 56 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 336 ರೂಪಾಯಿ.

ಈಗ ಸೌದೆ. ಒಂದು ಕಿಲೋ ಒಣ ಸೌದೆಯೊಳಗೆ ಹೆಚ್ಚುಕಮ್ಮಿ ನಾಲ್ಕು ಯೂನಿಟ್‌ನಷ್ಟು ಶಾಖ ಇದೆ. ಹಳೆ ಒಲೆಯಲ್ಲಿ ಅದರ ಎಂಟನೇ ಒಂದು ಪಾಲು ನೀರಿಗೆ ಸೇರಿದರೆ ದೊಡ್ಡದು. ಉಳಿದದ್ದು ಹೊಗೆ, ಗೋಡೆ, ಗಾಳಿಯ ಪಾಲು. ಅಂದ್ರೆ ಒಂದು ಕಿಲೋದಿಂದ ನೀರಿಗೆ ದಕ್ಕುವುದು ಅರ್ಧ ಯೂನಿಟ್. ಇಬ್ಬರ ಸ್ನಾನಕ್ಕೆ ದಿನಕ್ಕೆ ನಾಲ್ಕು ಕಿಲೋ ಹತ್ತಿರ ಬೇಕು, ವರ್ಷಕ್ಕೆ ಸುಮಾರು 1,400 ಕಿಲೋ. ಮಳೆಗೆ ಹಸಿಯಾದ ಸೌದೆ ಆದ್ರೆ ಇನ್ನೂ ಜಾಸ್ತಿ.

ಆ 1,400 ಕಿಲೋ ತಾನಾಗಿ ನಡೆದು ಬರಲ್ಲ. ಬೆಟ್ಟದಲ್ಲಿ ಆರಿಸಬೇಕು, ಕಡಿಯಬೇಕು, ಹೊತ್ತು ತರಬೇಕು, ಒಡೆಯಬೇಕು, ಬಿಸಿಲಿಗೆ ಹರವಬೇಕು, ಮೃಗಶಿರಾ ಮಳೆ ಹಿಡಿಯೋ ಮೊದಲು ಒಳಗೆ ಒಟ್ಟಬೇಕು. ಶಿವರಾತ್ರಿ ಕಳೆದ ಮೇಲೆ ಇದೇ ಕೆಲಸ. ಮನೆ ತುಂಬ ಜನ ಇದ್ದಾಗ ಇದು ಯಾರಿಗೂ ಭಾರ ಅನ್ನಿಸಿರಲಿಲ್ಲ. ಈಗ ಅಡಿಕೆ ಕೊಯ್ಯೋ ಕೊನೆಗೌಡ ಸಿಗೋದೇ ಕಷ್ಟ, ಕಟ್ಟಿಗೆ ಒಡೆಯೋಕೆ ಯಾರು ಬರ್ತಾರೆ?

ಮರುದಿನ ಬೆಳಿಗ್ಗೆ ಅಪ್ಪ ನನಗೆ ಕಟ್ಟಿಗೆ ಮನೆ ತೋರಿಸಿದರು. ಸೂರಿನವರೆಗೆ ಒಟ್ಟಿರಬೇಕಾದ ಸೌದೆ ನನ್ನ ಸೊಂಟದ ಮಟ್ಟಕ್ಕಿತ್ತು. 'ಈ ವರ್ಷ ಒಡೆದಿದ್ದು ನಾನೇ. ದಿನಕ್ಕೆ ಅರ್ಧ ಗಂಟೆ. ಇಷ್ಟೇ ಆಯ್ತು' ಅಂದರು. ಅವರಿಗೆ ಎಪ್ಪತ್ಮೂರು ವರ್ಷ. ಗೆಳೆಯ ಏನೂ ಮಾತಾಡಲಿಲ್ಲ. 'ಪುಕ್ಕಟೆ' ಅನ್ನೋ ಮಾತನ್ನು ಆಮೇಲೆ ಅವನ ಬಾಯಲ್ಲಿ ನಾನು ಕೇಳಿಲ್ಲ.

ಗೀಸರ್ ಇದೆ, ಹಾಕಲ್ಲ

ಆ ಮನೆಯಲ್ಲಿ ಗೀಸರ್ ಇಲ್ಲ ಅಂದ್ಕೋಬೇಡಿ. ಮಗ ಎರಡು ವರ್ಷದ ಹಿಂದೆಯೇ ಹಾಕಿಸಿಕೊಟ್ಟಿದ್ದಾನೆ. ಆಯಿ ಅದಕ್ಕೆ ಬಟ್ಟೆಯ ಗವಸು ಹೊಲಿದು ಹಾಕಿಟ್ಟಿದ್ದಾರೆ. ಯಾಕೆ ಅಂತ ಮಗ ಕೇಳಿದ್ದಕ್ಕೆ ಅವರು ಹೇಳಿದ್ದು: 'ಕರೆಂಟು ಬತ್ತು, ಹೋಗ್ತು. ಬೆಂಕಿ ಎಲ್ಲಿಗೂ ಹೋಗ್ತಿಲ್ಲೆ.'

ಇದನ್ನು ಹಳೆ ಕಾಲದವರ ಹಟ ಅಂತ ತಳ್ಳಿಹಾಕೋ ಹಾಗಿಲ್ಲ. ಜುಲೈನಲ್ಲಿ ತಂತಿ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ಕರೆಂಟ್ ಇದ್ದರೂ ವೋಲ್ಟೇಜ್ 230 ಇರಬೇಕಾದಲ್ಲಿ 165ಕ್ಕೆ ಇಳಿದರೆ ಗೀಸರ್‌ನ ಶಕ್ತಿ ಅರ್ಧಕ್ಕೆ ಬರುತ್ತೆ, ನೀರು ಕಾಯೋಕೆ ದುಪ್ಪಟ್ಟು ಹೊತ್ತು ಬೇಕು. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಅಂತ ನಾವೆಲ್ಲ ಹೇಳ್ತೀವಿ. ಆದರೆ ಪ್ರತಿ ಮನೆಗೂ ಸಿಗೋದು 200 ಅಲ್ಲ; 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಆ ಮನೆಯ ಮಿತಿ ನಿಗದಿ ಮಾಡಿದ್ದಾರೆ. ನಾಲ್ಕು ಬಲ್ಬು, ಒಂದು ಟಿ.ವಿ. ಇದ್ದ ಮನೆಯ ಸರಾಸರಿ ಎಷ್ಟಿರುತ್ತೆ? ಅದರ ಮೇಲೆ ಗೀಸರ್‌ನ 56 ಯೂನಿಟ್ ಬಂದರೆ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಲೇಬೇಕು. ಸೊನ್ನೆ ಬಿಲ್ ನೋಡಿ ಅಭ್ಯಾಸವಾದವರಿಗೆ ಮುನ್ನೂರು ರೂಪಾಯಿಯೂ ಕಣ್ಣಿಗೆ ಹೊಡೆಯುತ್ತೆ. ಅಪ್ಪನ ದಿನದ ಅರ್ಧ ಗಂಟೆ ಯಾವ ಬಿಲ್ಲಿನಲ್ಲೂ ಬರಲ್ಲ.

ಇನ್ನೊಂದು ವಿಷಯ ಅಲ್ಲಿನವರಿಗೆ ಚುಚ್ಚುತ್ತೆ. ಇಲ್ಲಿಂದ ಸ್ವಲ್ಪ ದೂರದ ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರಿಗೆ ಊರೇ ಮುಳುಗಿದವು, ಆ ನೀರಿನಿಂದ ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್ ಕೊಡುತ್ತೆ. ಇದೇ ಜಿಲ್ಲೆಯಲ್ಲಿ ಕಾಳಿ ನದಿಯ ಯೋಜನೆಗಳಿವೆ, ಕೈಗಾ ಅಣು ಸ್ಥಾವರವಿದೆ. ಬೆಂಗಳೂರಿನಲ್ಲಿ ನಾನು ಬೆಳಿಗ್ಗೆ ಗೀಸರ್ ಸ್ವಿಚ್ ಒತ್ತುವಾಗ ಬರುವ ಕರೆಂಟಿನಲ್ಲಿ ಈ ಮಣ್ಣಿನ ಪಾಲಿದೆ. ಇಲ್ಲಿಯವರು ಮಾತ್ರ ಊದುಗೊಳವೆ ಹಿಡಿದು ಒಲೆ ಮುಂದೆ ಬಗ್ಗಿರುತ್ತಾರೆ.

ಮೊದಲೇ ನಡೆದ ಪ್ರಯತ್ನಗಳು

ಉರುವಲಿನ ಬಗ್ಗೆ ಈ ಸೀಮೆ ಸುಮ್ಮನೆ ಕೂತಿರಲಿಲ್ಲ. ಗೋಬರ್ ಗ್ಯಾಸ್ ಚೆನ್ನಾಗಿ ನೆಲೆಯೂರಿದ ತಾಲ್ಲೂಕು ಅಂತ ಶಿರಸಿಗೆ ಹೆಸರಿದೆ. ಎರಡು ಘನ ಮೀಟರ್‌ನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಂದ್ರೆ ನಾಲ್ಕೈದು ದನ. ಅಡುಗೆ ಅದರಲ್ಲಿ ಆರಾಮಾಗಿ ಆಗುತ್ತಿತ್ತು. ನನ್ನ ಗೆಳೆಯನ ಮನೆಯ ಅಂಗಳದಲ್ಲೂ ಆ ಗುಮ್ಮಟ ಇದೆ. ಕೊಟ್ಟಿಗೆಯಲ್ಲಿ ಈಗಿರುವುದು ಒಂದೇ ಹಸು, ಗುಮ್ಮಟದ ಮೇಲೆ ಪಾಚಿ.

ಒಲೆಯನ್ನೇ ಸುಧಾರಿಸುವ ಕೆಲಸವೂ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಕೇಂದ್ರ ಕಟ್ಟಿದರು. ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಲ್ಲಿ ಒಂದು ತಲೆಮಾರಿನ ಹೆಂಗಸರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಅದರ ಗುಟ್ಟು ಸರಳ: ಬಾಯಿ ಚಿಕ್ಕದು, ಕೆಳಗಿನಿಂದ ಗಾಳಿ ಬರೋಕೆ ಜಾಲರಿ, ಹೊಗೆಗೆ ಚಿಮಣಿ, ಪಾತ್ರೆ ಒಲೆಯೊಳಗೆ ಇಳಿದು ಕೂರೋ ಹಾಗೆ ಗುಂಡಿ. ಹಂಡೆ ಒಲೆಗೂ ಇದೇ ಗುಟ್ಟು ಸಾಕು. ಶಾಖದ ಎಂಟನೇ ಒಂದು ಪಾಲಿನ ಬದಲು ಕಾಲು ಪಾಲು ನೀರಿಗೆ ಸೇರಿದರೂ ಸೌದೆ ಅರ್ಧಕ್ಕೆ ಇಳಿಯುತ್ತೆ.

ಹಾಗಾದ್ರೆ ಏನು ಮಾಡೋದು?

ಊರಲ್ಲಿ ಅಪ್ಪ, ಅಮ್ಮ ಇಬ್ಬರೇ ಇರುವವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಒಂದೇ ಉರುವಲನ್ನು ನಂಬಿ ಕೂರಬಾರದು ಅನ್ನುವುದು ನಮ್ಮ ಲೆಕ್ಕದಿಂದ ಹೊರಟ ಮಾತು.

ಮಲೆನಾಡಿನಲ್ಲೂ ಅಕ್ಟೋಬರ್‌ನಿಂದ ಮೇವರೆಗೆ ಒಳ್ಳೆ ಬಿಸಿಲಿದೆ. ಆ ಎಂಟು ತಿಂಗಳು ಮಾಡಿನ ಮೇಲಿನ ಸೋಲಾರ್ ಹೀಟರ್ ಸಾಕು. ಬಿಸಿಲೇ ಇಲ್ಲದ ನಾಲ್ಕು ತಿಂಗಳಿಗೆ ಹಂಡೆ ಇರಲಿ. ಬಟ್ಟೆ ಒಣಗಬೇಕಾದ್ದೂ ಆಗಲೇ, ಮೈ ಬೆಚ್ಚಗಾಗಬೇಕಾದ್ದೂ ಆಗಲೇ. ಹೀಗೆ ಮಾಡಿದರೆ 1,400 ಕಿಲೋ ಸೌದೆ 460ರ ಹತ್ತಿರಕ್ಕೆ ಇಳಿಯುತ್ತೆ. ಒಲೆಗೆ ಜಾಲರಿ, ಚಿಮಣಿ ಹಾಕಿಸಿದರೆ ಅದರಲ್ಲೂ ಅರ್ಧ. ಅಷ್ಟನ್ನು ಒಬ್ಬ ಆಳು ಕೆಲವೇ ದಿನದಲ್ಲಿ ಒಡೆದು ಒಟ್ಟಬಹುದು. ಗೀಸರ್ ಜ್ವರ ಬಂದ ದಿನಕ್ಕೆ, ಕೈ ನೋವಿನ ದಿನಕ್ಕೆ ಇರಲಿ. ಆದರೆ ಹಾಕಿಸುವ ಮೊದಲು ಹಳೆ ಮನೆಯ ವೈರಿಂಗ್, ಅರ್ತಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಿ. ಗ್ಯಾಸ್ ಗೀಸರ್ ಹಾಕಿಸುವುದಾದರೆ ಅದು ಬಚ್ಚಲಿನ ಹೊರಗಡೆ, ಗಾಳಿ ಆಡುವ ಕಡೆ ಇರಬೇಕು. ಮುಚ್ಚಿದ ಕೋಣೆಯಲ್ಲಿ ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಬಿದ್ದು ಪ್ರಾಣ ಬಿಟ್ಟ ಉದಾಹರಣೆಗಳಿವೆ.

ಇವಿಷ್ಟನ್ನೂ ಗೆಳೆಯ ಊಟಕ್ಕೆ ಕೂತಾಗ ವಿವರಿಸಿದ. ಸೋಲಾರ್‌ಗೆ ಆಯಿ ಅಡ್ಡಿಲ್ಲೆ ಅಂದರು. ಮಾಡಿನ ಮೇಲೆ ಮಂಗ ಹತ್ತಿದರೆ ಏನು ಗತಿ ಅಂತ ಒಂದು ಪ್ರಶ್ನೆ ಮಾತ್ರ ಕೇಳಿದರು, ಅದಕ್ಕೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಬಲೆ ಹೊದಿಸಬೇಕೋ ಏನೋ, ಅಂಗಡಿಯವರನ್ನು ಕೇಳಬೇಕು.

ಅಪ್ಪ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ತಮ್ಮ ಲೆಕ್ಕ ಹೇಳಿದರು: 'ದೀಪಾವಳಿಗೆ ಎಲ್ಲ ಮಕ್ಕಳೂ ಬರ್ತಾರೆ. ಆಗ ಬಂದು ಮೀಯೋದು ಅಷ್ಟೇ ಕೆಲಸ. ಶಿವರಾತ್ರಿ ಆದ್ಮೇಲೆ ಎರಡು ದಿನ ಬಂದ್ರೆ ವರ್ಷದ ಕಟ್ಟಿಗೆ ಆಗ್ತದೆ.'

ಗೆಳೆಯ ಬಸ್ಸಿನಲ್ಲಿ ಮೊಬೈಲ್ ತೆಗೆದು ಮುಂದಿನ ಮಾರ್ಚ್‌ನ ರಜೆಗಳನ್ನು ನೋಡುತ್ತಿದ್ದ. ನಿಮ್ಮೂರಲ್ಲೂ ಹಂಡೆ ಉರಿಯುತ್ತಿದ್ದರೆ ಈ ಸಲ ಫೋನ್ ಮಾಡಿದಾಗ 'ಗೀಸರ್ ಹಾಕ್ಕೊಳ್ಳಿ' ಅಂತ ಹೇಳುವ ಮೊದಲು, ಈ ವರ್ಷದ ಸೌದೆ ಯಾರು ಒಡೆದರು ಅಂತ ಒಂದು ಮಾತು ಕೇಳಿ.