ಹಳೇದ್ ಎಲ್ಲಿತ್ ಮಾಷ್ಟ್ರೇ?

ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗದ ಬಿಡಿಭಾಗವಿಲ್ಲ ಎಂದು ಮುಂಬಯಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಎಲ್ಲರೂ ನಂಬುತ್ತಾರೆ. ಕಾಗದದಲ್ಲಿ ಅದು ಡಾ. ದಾದಾಸಾಹೇಬ ಭಡಕಮಕರ ಮಾರ್ಗ. ಬಾಯಲ್ಲಿ ಮಾತ್ರ 1903ರಿಂದ 1907ರವರೆಗೆ ಇಲ್ಲಿ ಗವರ್ನರ್ ಆಗಿದ್ದ ದೊರೆಯ ಹೆಸರೇ ಉಳಿದುಬಿಟ್ಟಿದೆ. ಡೊಂಬಿವಲಿಯಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡ್. ಈ ದಾರಿ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಎಲ್ಲವೂ ಅಲ್ಲಿ ಸಿಗುತ್ತದೆ ಅನ್ನುವ ಧೈರ್ಯದಿಂದಲೇ ನಾನು ಒಂದು ಒಳ್ಳೆಯ ಯಂತ್ರವನ್ನು ಕೈಯಾರೆ ಕೊಂದೆ.

ಅದು ಲಾಜಿಕ್ ಅನಲೈಜರ್. ಅಮೆರಿಕದಲ್ಲಿ ಎಂಬತ್ತರ ದಶಕದಲ್ಲಿ ತಯಾರಾದದ್ದು. ಯಾವುದೋ ಕಾರ್ಖಾನೆ ಮುಚ್ಚಿದಾಗ ಕುರ್ಲಾದ ಗುಜರಿಗೆ ಬಂದು, ಅಲ್ಲಿಂದ ನನ್ನ ಮೇಜಿಗೆ ಬಂದಿತ್ತು. ಶನಿವಾರ-ಭಾನುವಾರ ಮನೆಗೆ ಬರುವ ಡಿಪ್ಲೊಮಾ ಹುಡುಗರಿಗಾಗಿ ಅದನ್ನು ತಂದಿದ್ದೆ. ಅವರಲ್ಲೊಬ್ಬ ಬೆಳಿಗ್ಗೆ ಕ್ಯಾಂಟೀನಿನಲ್ಲಿ ದುಡಿದು ಸಂಜೆ ಓದುವವನು. 8085 ಮೈಕ್ರೋಪ್ರೊಸೆಸರ್ ಮೇಲೆ ಕೊನೆಯ ವರ್ಷದ ಪ್ರಾಜೆಕ್ಟು ಮಾಡುತ್ತಿದ್ದ. ಡೇಟಾ ಬಸ್ಸಿನ ಎಂಟು ಗೆರೆಗಳಲ್ಲಿ ಒಂದೇ ಹೊತ್ತಿಗೆ ಏನು ನಡೆಯುತ್ತದೆ ಎಂದು ನೋಡಬೇಕು. ನನ್ನ ಆಸಿಲೋಸ್ಕೋಪು ತೋರಿಸುವುದು ಎರಡೇ ಗೆರೆ. ಅನಲೈಜರ್ ಬಂದ ಮೇಲೆ ಆ ಹುಡುಗ ಪರದೆಯ ಮುಂದಿನಿಂದ ಏಳುತ್ತಲೇ ಇರಲಿಲ್ಲ.

ಮಳೆಗಾಲದ ಒಂದು ಶನಿವಾರ ಸ್ವಿಚ್ ಹಾಕಿದರೆ ಯಂತ್ರ ಏಳಲಿಲ್ಲ. ಹಿಂದಿನ ವಾರ ನಡೆಯುತ್ತಿದ್ದಾಗಲೇ ನಿಲ್ಲಿಸಿದ್ದೆವು. ಈಗ ಒಳಗಿನಿಂದ ಟಿಕ್, ಟಿಕ್, ಟಿಕ್ ಎಂಬ ಸಣ್ಣ ಸದ್ದಷ್ಟೇ. ಪವರ್ ಸಪ್ಲೈ ಹೋಯಿತು ಅನ್ನುವುದು ಗೊತ್ತಾಯಿತು, ಅಷ್ಟರ ಮಟ್ಟಿಗೆ ನಾನು ಸರಿಯೇ. ಅದರ ತಗಡಿನ ಮೇಲಿನ ಚೀಟಿಯಲ್ಲಿ +5, +12, −12, −5.2 ವೋಲ್ಟ್ ಎಂದಿತ್ತು. ಬರೆದುಕೊಂಡೆ. ತಂತಿಗಳ ಕಟ್ಟನ್ನು ಸಪ್ಲೈಯ ಬುಡದಲ್ಲೇ ಕತ್ತರಿಸಿದೆ. ಹಳೆಯ ಪೆಟ್ಟಿಗೆಯನ್ನು ಆ ವಾರದ ರದ್ದಿಯ ಜೊತೆ ಭಂಗಾರ್‌ವಾಲಾನಿಗೆ ಕೊಟ್ಟುಬಿಟ್ಟೆ. ಮುಂಬಯಿಯ ಮನೆಗಳಲ್ಲಿ ಕೆಟ್ಟ ವಸ್ತುವಿಗೆ ಜಾಗವಿಲ್ಲ, ನಿಜ. ಆದರೆ ಒಂದು ಇಟ್ಟಿಗೆಯಷ್ಟು ಗಾತ್ರದ ಪೆಟ್ಟಿಗೆಗೆ ಮಂಚದಡಿ ಜಾಗವಿರಲಿಲ್ಲ ಎಂದು ಹೇಳಲಾರೆ. ಅದು ಕೆಟ್ಟಿತು, ಇನ್ನು ಅದರಿಂದ ತಿಳಿಯುವುದೇನೂ ಇಲ್ಲ ಎಂದುಕೊಂಡೆ.

ಲ್ಯಾಮಿಂಗ್ಟನ್ ರೋಡಿನಿಂದ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದೆ. ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿದರೆ ಅದು ಶುರುವಾಗುತ್ತದೆ. ಕೆಂಪು 5, ಹಳದಿ 12, ಕಪ್ಪು ಗ್ರೌಂಡು. ಅನಲೈಜರಿನ ಕಟ್ಟಿನಲ್ಲೂ ಕೆಂಪು, ಹಳದಿ, ಕಪ್ಪು ಇದ್ದವು. −5.2 ಅನ್ನು ಆಮೇಲೆ ನೋಡೋಣ, ಮೊದಲು ಪರದೆ ಹೊತ್ತಲಿ ಎಂದು ಬಣ್ಣಕ್ಕೆ ಬಣ್ಣ ಸೇರಿಸಿ ಸ್ವಿಚ್ ಹಾಕಿದೆ. ಪರದೆ ಹೊತ್ತಲಿಲ್ಲ. ಬೋರ್ಡಿನ ಒಂದು ಮೂಲೆಯಲ್ಲಿ ಐಸಿಯೊಂದರ ನೆತ್ತಿ ಸೀಳಿ ಹೊಗೆ ಬಂತು. ಆ ಯಂತ್ರದಲ್ಲಿ 5 ವೋಲ್ಟ್ ಹೊರುತ್ತಿದ್ದದ್ದು ಹಳದಿ ತಂತಿ. 74 ಸರಣಿಯ ಟಿಟಿಎಲ್ ಐಸಿಗಳು ತಡೆಯುವುದು ಹೆಚ್ಚೆಂದರೆ 7 ವೋಲ್ಟ್. ನಾನು ಅವುಗಳಿಗೆ 12 ಕೊಟ್ಟಿದ್ದೆ. ಕಂಪ್ಯೂಟರಿನವರು ತಮ್ಮೊಳಗೆ ಮಾಡಿಕೊಂಡ ಬಣ್ಣದ ಕಟ್ಟಳೆಗೆ ಪ್ರಯೋಗಾಲಯದ ಯಂತ್ರ ಯಾಕೆ ಬದ್ಧವಾಗಿರಬೇಕು?

ಡೊಂಬಿವಲಿಯಲ್ಲೇ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಮೀಟರು, ಸಪ್ಲೈಗಳ ರಿಪೇರಿಯಲ್ಲೇ ಆಯುಸ್ಸು ಕಳೆದವರು. 1962ರಲ್ಲಿ ಶುರುವಾದ ಆಪ್‌ಲ್ಯಾಬ್ ಕಂಪನಿಯ ಬೆಂಚ್ ಸಪ್ಲೈಗಳನ್ನು ಕಂಡರೆ ಅವರಿಗೆ ಇಂದಿಗೂ ಊರಿನವರನ್ನು ಕಂಡಷ್ಟು ಸಂತೋಷ. ನಾನು ಹೇಳಿದ್ದನ್ನೆಲ್ಲ ಕೇಳಿ, ಸುಟ್ಟ ಬೋರ್ಡನ್ನು ನೋಡದೆಯೇ ಕೇಳಿದರು: “ಹಳೇದ್ ಎಲ್ಲಿತ್ ಮಾಷ್ಟ್ರೇ?”

ಕೊಟ್ಟುಬಿಟ್ಟೆ ಅಂದೆ. ಅವರು ಬಯ್ಯಲಿಲ್ಲ. “ಟಿಕ್ ಟಿಕ್ ಅಂತಿತ್ತಾ?” ಎಂದು ಮಾತ್ರ ಕೇಳಿದರು. ಹೌದೆಂದಾಗ ಕಾಗದ ತೆಗೆದು ಬಿಡಿಸಿ ತೋರಿಸಿದರು. ಆ ಕಾಲದ ಎಷ್ಟೋ ಎಸ್‌ಎಂಪಿಎಸ್‌ಗಳ ಮೆದುಳು 3842 ಎಂಬ ಎಂಟು ಕಾಲಿನ ಐಸಿ. ಅದು ಏಳಲು ಸುಮಾರು 16 ವೋಲ್ಟ್ ಬೇಕು. 10ಕ್ಕೆ ಇಳಿದರೆ ಮತ್ತೆ ಮಲಗುತ್ತದೆ. ಮೊದಲ ಕ್ಷಣದಲ್ಲಿ ಅದಕ್ಕೆ ಉಣಿಸುವುದು ಪಕ್ಕದ ಒಂದು ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ ಉಣಿಸು ಬರುವವರೆಗೆ ಅದೇ ತಡೆದು ನಿಲ್ಲಿಸಬೇಕು. ಹೀಟ್‌ಸಿಂಕಿನ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದು ಆ ಕೆಪಾಸಿಟರ್ ಒಣಗಿದರೆ ಐಸಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಆ ಟಿಕ್ ಟಿಕ್ ಅದೇ ಇದ್ದಿರಬಹುದು. ನಡೆಯುತ್ತಿರುವಾಗ ಕೊರತೆ ಕಾಣಿಸುವುದಿಲ್ಲ, ಒಮ್ಮೆ ನಿಲ್ಲಿಸಿದ ಮೇಲೆ ಏಳುವುದಿಲ್ಲ. ನಮ್ಮಲ್ಲೂ ಹಾಗೆಯೇ ಆಗಿತ್ತು. ಅಂಥ ಕೆಪಾಸಿಟರಿಗೆ ಒಂದು ಕಟಿಂಗ್ ಚಹಾದ ಬೆಲೆಯೂ ಇಲ್ಲ.

ರಿಪೇರಿ ಆಗದೇ ಇದ್ದರೂ ಆ ಪೆಟ್ಟಿಗೆ ಬೇಕಿತ್ತು. ಯಾವ ತಂತಿಯಲ್ಲಿ ಯಾವ ವೋಲ್ಟೇಜು ಎಂದು ಅದರ ಬೋರ್ಡಿನ ಮೇಲೆ, ತಂತಿಯ ಬುಡದಲ್ಲೇ, ಬಿಳಿ ಅಕ್ಷರದಲ್ಲಿ ಅಚ್ಚಾಗಿತ್ತು. ಕತ್ತರಿಸುವಾಗ ನಾನದನ್ನು ಕಂಡೂ ಇದ್ದೆ. ಕೈಪಿಡಿ ಸಿಗದ ಯಂತ್ರಕ್ಕೆ ಅದೊಂದೇ ಕೈಪಿಡಿ.

ಅದೂ ಇಲ್ಲದೆ ಹುಡುಕಬಹುದಿತ್ತು ಎಂದು ಆ ಹಿರಿಯರು ನನ್ನ ಸತ್ತ ಯಂತ್ರದ ಮೇಲೆಯೇ ತೋರಿಸಿಕೊಟ್ಟರು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಮೊನೆಯನ್ನು ತಗಡಿನ ಮೈಗೆ ಹಿಡಿದರೆ ಗ್ರೌಂಡು ಸಿಕ್ಕಿತು. 14 ಕಾಲಿನ 74 ಸರಣಿಯ ಐಸಿಗಳಲ್ಲಿ ಬಹುಪಾಲು 7ನೇ ಕಾಲು ಗ್ರೌಂಡು, 14ನೇ ಕಾಲು +5. ಆ 14ನೇ ಕಾಲಿನಿಂದ ತಂತಿಗಳತ್ತ ಹುಡುಕುತ್ತ ಹೋದರೆ ಹಳದಿ ತಂತಿಯಲ್ಲಿ ಬೀಪ್ ಎಂದಿತು. ವೇಗದ ಭಾಗದಲ್ಲಿ 10ಕೆ ಸರಣಿಯ ಇಸಿಎಲ್ ಐಸಿಗಳಿದ್ದವು, ಅವುಗಳ 8ನೇ ಕಾಲಿಗೆ −5.2. ಪೂರ್ತಿ ನಕ್ಷೆ ಒಂದು ಸಂಜೆಯೊಳಗೆ ಮುಗಿಯಿತು. ಹುಡುಗರೂ ಪಕ್ಕದಲ್ಲಿ ಕೂತು ಬರೆದುಕೊಂಡರು. ನಾನು ಕಲಿಸಬೇಕಿದ್ದ ಪಾಠ ಅದು.

ಈಗ ಬದಲಿ ಸಪ್ಲೈ ಹುಡುಕಲು ಹೊರಟರೆ ನನ್ನ ಚೀಲದಲ್ಲಿ ಹಳೆಯದೂ ಇರುತ್ತದೆ. ವೋಲ್ಟೇಜಿನ ಜೊತೆ ಆಂಪಿಯರ್ ಕೇಳುತ್ತೇನೆ. ಕಂಪ್ಯೂಟರ್ ಸಪ್ಲೈಯ −12ರಲ್ಲಿ ಒಂದು ಆಂಪಿಯರೂ ಸಿಗುವುದು ಕಷ್ಟ, −5.2 ಅಂತೂ ಇಲ್ಲವೇ ಇಲ್ಲ. ಅದಕ್ಕೆ ಪ್ರತ್ಯೇಕ 5 ವೋಲ್ಟಿನ ಸಪ್ಲೈ ತಂದು, ಅದರ ಟ್ರಿಮ್ ಪಾಟ್ ತಿರುಗಿಸಿ 5.2ಕ್ಕೆ ಏರಿಸಿ, ಪ್ಲಸ್ ತುದಿಯನ್ನು ಗ್ರೌಂಡಿಗೆ ಕಟ್ಟಿದರೆ ಮೈನಸ್ ತುದಿಯಲ್ಲಿ ಬೇಕಾದದ್ದು ಸಿಗುತ್ತದೆ. ಅದರ ಔಟ್‌ಪುಟ್ ಇನ್‌ಪುಟ್ಟಿನಿಂದ ಬೇರ್ಪಟ್ಟಿರಬೇಕು, ಅಷ್ಟೇ. ಯಂತ್ರಕ್ಕೆ ಜೋಡಿಸುವ ಮೊದಲು ಕಾರಿನ ಬಲ್ಬನ್ನು ಭಾರವಾಗಿ ಕೊಟ್ಟು, ವೋಲ್ಟೇಜು ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಹಳೆಯ ಸಪ್ಲೈ ತೆರೆಯುವಾಗ ಹುಡುಗರನ್ನು ದೂರ ಕೂರಿಸುತ್ತೇನೆ. 230 ವೋಲ್ಟಿನ ಮನೆ ಕರೆಂಟು ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ.

ಆ ಹುಡುಗ ಪ್ರಾಜೆಕ್ಟು ಮುಗಿಸಿದ. ಎರಡೆರಡೇ ಗೆರೆಗಳನ್ನು ಆಸಿಲೋಸ್ಕೋಪಿನಲ್ಲಿ ನೋಡಿ, ಎಂಟನ್ನೂ ಗ್ರಾಫ್ ಹಾಳೆಯಲ್ಲಿ ಕೈಯಿಂದ ಬಿಡಿಸಿ ಒಪ್ಪಿಸಿದ. ಬೆಳಗಿನ ಪಾಳಿಗೆ ಹೋಗಬೇಕಾದವನ ಎಷ್ಟೋ ರಾತ್ರಿಗಳ ನಿದ್ದೆ ಅದಕ್ಕೆ ಹೋಯಿತು. ಅನಲೈಜರಿನ 74 ಸರಣಿಯ ಐಸಿಗಳನ್ನೆಲ್ಲ ನಾನು ಬದಲಿಸಿದ್ದೇನೆ. ಅವು ಲ್ಯಾಮಿಂಗ್ಟನ್ ರೋಡಿನಲ್ಲಿ ಈಗಲೂ ಸಿಗುತ್ತವೆ. ತಯಾರಕರು ತಮ್ಮದೇ ನಂಬರು ಹಾಕಿ ಮಾಡಿಸಿಕೊಂಡ ಐಸಿಗಳು ಮಾತ್ರ ಎಲ್ಲೂ ಇಲ್ಲ. ಕುರ್ಲಾದಲ್ಲೂ ಸಾಕಿನಾಕಾದಲ್ಲೂ ಗುಜರಿಯವರಿಗೆ ಆ ಮಾದರಿಯ ನಂಬರು ಬರೆದುಕೊಟ್ಟಿದ್ದೇನೆ. ಅಂಥದ್ದು ಬಂದರೆ ಬಿಚ್ಚುವ ಮೊದಲು ಒಂದು ಫೋನ್ ಮಾಡಿ ಎಂದು ಹೇಳಿಟ್ಟಿದ್ದೇನೆ.